ರೆಫರಲ್ ಚೀಟಿಯಲ್ಲಿ ಬಿಟ್ಟುಹೋದ ಸಾಲು: ರೋಗಿಯ ಸುರಕ್ಷತೆ ನಮ್ಮ ದವಾಖಾನೆಗಳಲ್ಲಿ ಯಾಕೆ ಹರಡುತ್ತಿಲ್ಲ?

ರೋಣ ತಾಲ್ಲೂಕಿನ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಂಟು ತಿಂಗಳ ಬಸುರಿಯೊಬ್ಬಳು ಸಂಜೆ ಹೊತ್ತಿಗೆ ಬರುತ್ತಾಳೆ ಎಂದಿಟ್ಟುಕೊಳ್ಳಿ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ, ಬಿಪಿ 170 ದಾಟಿದೆ. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು. ಡ್ಯೂಟಿಯಲ್ಲಿರುವ ಸ್ಟಾಫ್ ನರ್ಸ್‌ಗೆ ಏನು ಮಾಡಬೇಕೆಂಬುದು ಗೊತ್ತಿದೆ. ಮ್ಯಾಗ್ನೀಷಿಯಂ ಸಲ್ಫೇಟ್, ಲೇಬರ್ ರೂಮಿನ ಮಾತಿನಲ್ಲಿ ಮ್ಯಾಗ್‌ಸಲ್ಫ್, ಒಂದೊಂದು ಗ್ರಾಮಿನ ಹತ್ತು ಆಂಪ್ಯೂಲ್ ಒಡೆದು, ಎಡಕ್ಕೆ ಐದು ಗ್ರಾಂ, ಬಲಕ್ಕೆ ಐದು ಗ್ರಾಂ ಸೊಂಟದ ಸ್ನಾಯುವಿಗೆ ಕೊಡುತ್ತಾಳೆ. ಆಮೇಲೆ 108ಕ್ಕೆ ಫೋನ್. ಗದಗದಲ್ಲಿ ನೋಡಿದವರು ಹುಬ್ಬಳ್ಳಿಗೆ ಕಳಿಸುತ್ತಾರೆ. ಅಲ್ಲಿಂದ ಇನ್ನೂ 60 ಕಿಲೋಮೀಟರಿನಷ್ಟು ದಾರಿ.

ರಾತ್ರಿ ಹುಬ್ಬಳ್ಳಿಯಲ್ಲಿ ಇಳಿಯುವಾಗ ಅವಳ ಜೊತೆಗಿರುವುದು ತಾಯಿ ಕಾರ್ಡ್, ಮಡಿಚಿ ಮೆತ್ತಗಾದ ಒಂದು ಚೀಟಿ, ಗಾಬರಿಯಾದ ಗಂಡ. ಚೀಟಿಯಲ್ಲಿ ಬಿಪಿ ಹೆಚ್ಚಿದೆ, ಮುಂದಿನ ಚಿಕಿತ್ಸೆಗೆ ಕಳಿಸಲಾಗಿದೆ ಎಂದಿದೆ. ಮ್ಯಾಗ್‌ಸಲ್ಫ್ ಕೊಟ್ಟದ್ದು, ಎಷ್ಟು, ಎಷ್ಟು ಗಂಟೆಗೆ ಎಂಬ ಸಾಲು ಇಲ್ಲ. ಗಂಡನನ್ನು ಕೇಳಿದರೆ, "ಸೂಜಿ ಮಾಡ್ಯಾರ್ರೀ, ಯಾವ್ದಂತ ತಿಳೀಲಿಲ್ರಿ." ಪಿಜಿ ವೈದ್ಯೆಯ ಮುಂದೆ ಈಗ ಎರಡು ದಾರಿ. ಪೂರ್ತಿ ಡೋಸ್ ಮತ್ತೊಮ್ಮೆ ಕೊಟ್ಟರೆ ಔಷಧ ಮಿತಿಮೀರಿ ಮೊಣಕಾಲಿನ ಪ್ರತಿಕ್ರಿಯೆ ಹೋಗಿ ಉಸಿರೇ ಕುಗ್ಗಬಹುದು. ಬಿಟ್ಟರೆ, ಮೊದಲ ಡೋಸ್ ನಿಜಕ್ಕೂ ಆಗಿರದಿದ್ದಲ್ಲಿ, ಕಣ್ಣೆದುರೇ ಫಿಟ್ಸ್ ಬರಬಹುದು.

ಇಲ್ಲಿ ಬೇಜವಾಬ್ದಾರಿ ಯಾರದೂ ಅಲ್ಲ. ನರ್ಸ್ ಸರಿಯಾದ ಔಷಧವನ್ನೇ ಕೊಟ್ಟಿದ್ದಾಳೆ. ಈ ಔಷಧದ ಗುಣದ ಬಗ್ಗೆ ಸಂಶಯವೂ ಉಳಿದಿಲ್ಲ: 33 ದೇಶಗಳ 10,000ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ 'ಮ್ಯಾಗ್‌ಪೈ' ಅಧ್ಯಯನ, ಇದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತಲೂ ಕೆಳಗಿಳಿಸುತ್ತದೆ ಎಂದು ತೋರಿಸಿತು. ಔಷಧ ಅಗ್ಗ, ತರಬೇತಿ ಆಗಿದೆ, ಆಂಬುಲೆನ್ಸ್ ಬಂದಿದೆ. ಆದರೂ ರೋಗಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಅಪಾಯ ಹುಟ್ಟಿಕೊಂಡಿದೆ. ರೋಗಿಯ ಸುರಕ್ಷತೆ ಎಂದು ಇತ್ತೀಚೆಗೆ ಎಲ್ಲ ಕಡೆ ಕೇಳಿಬರುವ ವಿಷಯದ ಬಹುಪಾಲು ಇಂಥದ್ದೇ. ತಪ್ಪು ಬದಿಯ ಕಾಲಿಗೆ ಆಪರೇಷನ್ ಮಾಡಿದಂಥ ಸುದ್ದಿಯಾಗುವ ಪ್ರಕರಣಗಳು ವಿರಳ. ಬರೆಯದ ಡೋಸ್, ತೊಳೆಯದ ಕೈ, ಒಂದೇ ಬಣ್ಣದ ಲೇಬಲ್ಲಿನ ಎರಡು ಆಂಪ್ಯೂಲ್, ತೆಗೆಯಲು ಮರೆತ ಮೂತ್ರದ ನಳಿಕೆ, ಇವು ದಿನನಿತ್ಯದವು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಆರೈಕೆ ಪಡೆಯುವ 10 ಜನರಲ್ಲಿ ಸುಮಾರು ಒಬ್ಬರಿಗೆ ಆ ಆರೈಕೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ, ಜಗತ್ತಿನಲ್ಲಿ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ. ಈ ಹಾನಿಯಲ್ಲಿ ಅರ್ಧಕ್ಕಿಂತ ಹೆಚ್ಚು ತಡೆಯಬಹುದಾದದ್ದು. ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಇಂಥ ತಪ್ಪುಗಳಿಂದ ಸಾಯುತ್ತಿದ್ದಾರೆಂದು 1999ರಲ್ಲಿ ಅಲ್ಲಿನ ತಜ್ಞರ ಸಮಿತಿ ಹೇಳಿದಾಗ ಈ ಚರ್ಚೆ ಬಿರುಸಾಯಿತು. 2019ರಿಂದ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. ನಮ್ಮ ಕೇಂದ್ರ ಸರ್ಕಾರವೂ 2018ರಿಂದ 2025ರ ಅವಧಿಗೆ ರೋಗಿ ಸುರಕ್ಷತೆಯ ರಾಷ್ಟ್ರೀಯ ಅನುಷ್ಠಾನ ಚೌಕಟ್ಟೊಂದನ್ನು ಹೊರತಂದಿತ್ತು. ಅಂದರೆ ಏನು ಮಾಡಬೇಕೆಂಬುದು ಬಹುಮಟ್ಟಿಗೆ ಗೊತ್ತಾಗಿದೆ. ಒಂದು ಆಸ್ಪತ್ರೆಯಲ್ಲಿ ಫಲ ಕೊಟ್ಟ ಪದ್ಧತಿ ಪಕ್ಕದ ತಾಲ್ಲೂಕಿನ ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ, ಹೋದರೂ ಯಾಕೆ ಆರು ತಿಂಗಳಲ್ಲಿ ಸೊರಗುತ್ತದೆ ಎಂಬುದಕ್ಕೆ ಮಾತ್ರ ಸಲೀಸಾದ ಉತ್ತರ ಇಲ್ಲ.

ಹತ್ತೊಂಬತ್ತು ಅಂಶಗಳ ಒಂದು ಹಾಳೆ

ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟಿನ ಕಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹರಡುವಿಕೆಯ ಎಲ್ಲ ಗೋಜಲೂ ಅದರಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಹಾಳೆಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಓಟಿಯಿಂದ ಹೊರಗೆ ಹೋಗುವ ಮುಂಚೆ, ಹೀಗೆ ಮೂರು ಸಲ ಎಲ್ಲರೂ ಕೈ ನಿಲ್ಲಿಸಿ ಬಾಯಿಬಿಟ್ಟು ಹೇಳಬೇಕು: ರೋಗಿ ಯಾರು, ಯಾವ ಬದಿ, ಅಲರ್ಜಿ ಇದೆಯೇ, ಆಂಟಿಬಯೋಟಿಕ್ ಹೋಯಿತೇ, ಮಾಪ್ (ರಕ್ತ ಒರೆಸುವ ಬಟ್ಟೆ) ಮತ್ತು ಸೂಜಿಗಳ ಎಣಿಕೆ ತಾಳೆಯಾಯಿತೇ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದರು. 2009ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಆಪರೇಷನ್ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ, ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದಿದ್ದವು. ಒಂದು ಹಾಳೆ ಕಾಗದಕ್ಕೆ ಇಷ್ಟು ಶಕ್ತಿಯೇ?

ಕೆನಡಾದ ಆಂಟಾರಿಯೋ ಪ್ರಾಂತ್ಯ ತಡಮಾಡಲಿಲ್ಲ. ಆಸ್ಪತ್ರೆಗಳು ಚೆಕ್‌ಲಿಸ್ಟ್ ಬಳಕೆಯ ಪ್ರಮಾಣವನ್ನು ಬಹಿರಂಗವಾಗಿ ವರದಿ ಮಾಡುವುದನ್ನು 2010ರಲ್ಲಿ ಕಡ್ಡಾಯ ಮಾಡಿತು. ಆಸ್ಪತ್ರೆಗಳೆಲ್ಲ ನೂರಕ್ಕೆ ನೂರರ ಹತ್ತಿರ ಬಳಕೆ ತೋರಿಸಿದವು. 2014ರಲ್ಲಿ 101 ಆಸ್ಪತ್ರೆಗಳ ಲೆಕ್ಕ ತೆಗೆದಾಗ, ಆಯಾ ಆಸ್ಪತ್ರೆ ಚೆಕ್‌ಲಿಸ್ಟ್ ಅಳವಡಿಸಿಕೊಳ್ಳುವ ಮುಂಚಿನ ಮೂರು ತಿಂಗಳಿಗೂ ನಂತರದ ಮೂರು ತಿಂಗಳಿಗೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಹಾಳೆ ಅದೇ. ಟಿಕ್ಕುಗಳೂ ಬಿದ್ದಿವೆ. ಓಟಿಯೊಳಗಿನ ಮಾತುಕತೆ ಬದಲಾಗಿರಲಿಕ್ಕಿಲ್ಲ ಎಂಬುದು ಆಗ ಹಲವರ ವಿವರಣೆ. ಮೂರು ತಿಂಗಳು ಸಾಲದು ಎಂದವರೂ ಇದ್ದರು, ಅದರಲ್ಲೂ ಹುರುಳಿದೆ.

ಇನ್ನೊಂದು ಕಡೆ ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ ಕಡ್ಡಾಯ ಇರಲಿಲ್ಲ. ಬೇಕೆನಿಸಿದ ಆಸ್ಪತ್ರೆಗಳು ಸೇರಿಕೊಂಡವು. ಸರ್ಜನ್ನರು, ಅರಿವಳಿಕೆ ತಜ್ಞರು, ನರ್ಸ್‌ಗಳು ಹಾಳೆಯನ್ನು ತಮ್ಮ ಓಟಿಗೆ ತಕ್ಕಂತೆ ತಿದ್ದಿಕೊಂಡರು, ಮೊದಲು ಒಂದೇ ಓಟಿಯಲ್ಲಿ ಬಳಸಿ ನೋಡಿದರು, ಆಮೇಲೆ ಹಬ್ಬಿಸಿದರು. ಇದಕ್ಕೆ ವರ್ಷಗಳೇ ಹಿಡಿದವು. ಕೊನೆತನಕ ನಿಂತ 14 ಆಸ್ಪತ್ರೆಗಳಲ್ಲಿ ಆಪರೇಷನ್ ನಂತರದ ಸಾವು, ಉಳಿದ ಆಸ್ಪತ್ರೆಗಳಿಗೆ ಹೋಲಿಸಿದರೆ, ಶೇ 22ರಷ್ಟು ತಗ್ಗಿದ್ದು 2017ರಲ್ಲಿ ಪ್ರಕಟವಾಯಿತು. ತಾವಾಗಿ ಮುಂದೆ ಬಂದವರು ಮೊದಲೇ ಒಳ್ಳೆಯವರಿದ್ದರೇನೋ ಎಂದು ಕೇಳಬಹುದು, ಕೇಳಬೇಕು ಕೂಡ. ಆದರೂ ಆಂಟಾರಿಯೋ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಹಾಳೆಯನ್ನು ತಿದ್ದಲು ಕೂತ ಆ ಹತ್ತಾರು ಸಭೆಗಳನ್ನು ಬಿಟ್ಟು ಬರೀ ಹಾಳೆಯನ್ನು ಕಳಿಸಿದರೆ ಅರ್ಧ ಸಾಮಾನು ಮಾತ್ರ ಹೋದಂತೆ.

ನಮ್ಮದೇ ರಾಜ್ಯದ ಉದಾಹರಣೆಯೂ ಇದೆ. 2010ರ ಜುಲೈಯಿಂದ ಡಿಸೆಂಬರ್‌ವರೆಗೆ ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟನ್ನು ಪ್ರಾಯೋಗಿಕವಾಗಿ ಬಳಸಿದರು. ಪ್ರತಿ ಹೆರಿಗೆಯಲ್ಲಿ ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಚೆಕ್‌ಲಿಸ್ಟ್ ಬಂದ ಮೇಲೆ 25. ಇದರ ಬೆನ್ನಿಗೇ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಭಾರೀ ಪರೀಕ್ಷೆ ನಡೆಯಿತು. ಅರ್ಧ ಕೇಂದ್ರಗಳಿಗೆ ಎಂಟು ತಿಂಗಳು ಮಾರ್ಗದರ್ಶಕರು ಬಂದುಹೋಗುತ್ತಿದ್ದರು. ಅವರು ಬರುತ್ತಿದ್ದ ಆರಂಭದ ದಿನಗಳಲ್ಲಿ ಆ ಕೇಂದ್ರಗಳಲ್ಲಿ ಶೇ 73ರಷ್ಟು ಕೆಲಸಗಳು ಸರಿಯಾಗಿ ಆಗುತ್ತಿದ್ದವು, ಉಳಿದ ಕಡೆ ಶೇ 42. ಮಾರ್ಗದರ್ಶಕರು ಬರುವುದು ನಿಂತ ಕೆಲವು ತಿಂಗಳಲ್ಲಿ 73 ಇದ್ದದ್ದು 62ಕ್ಕೆ ಇಳಿಯಿತು. ತಾಯಿ ಮತ್ತು ಶಿಶುಗಳ ಸಾವಿನಲ್ಲಿ, ಗಂಭೀರ ತೊಡಕಿನಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ.

ಉತ್ತರ ಪ್ರದೇಶದ ಈ 2017ರ ಫಲಿತಾಂಶವನ್ನು ಓದಿ ಚೆಕ್‌ಲಿಸ್ಟ್ ವ್ಯರ್ಥ ಎನ್ನುವುದು ದುಡುಕು. ನರ್ಸ್ ಕೈ ತೊಳೆದಳು, ಬಿಪಿ ನೋಡಿದಳು, ತೊಂದರೆ ಗುರುತಿಸಿದಳು. ಮುಂದೆ? ರಕ್ತ ಇಲ್ಲ, ಸಿಸೇರಿಯನ್ ಮಾಡುವವರಿಲ್ಲ, ಕಳಿಸಿದ ದೊಡ್ಡ ಆಸ್ಪತ್ರೆಯಲ್ಲಿ ಕಾಯುವಿಕೆ ಎಂದಾದರೆ, ಗುರುತಿಸಿದ್ದರಿಂದ ಜೀವ ಉಳಿಯುವುದಿಲ್ಲ. ಒಂದೊಂದೇ ಕಟ್ಟಡವನ್ನು ಸುರಕ್ಷಿತ ಮಾಡುತ್ತ ಹೋದರೆ ವ್ಯವಸ್ಥೆ ಸುರಕ್ಷಿತವಾಗುವುದಿಲ್ಲ ಎಂದು ನಾನು ಇದನ್ನು ಓದುತ್ತೇನೆ. ರೋಗಿ ಸಾಗುವ ದಾರಿಯನ್ನೇ ಘಟಕವಾಗಿ ಹಿಡಿಯಬೇಕು. ನಮ್ಮ ಸೀಮೆಯಲ್ಲಿ ಆ ದಾರಿ ಯಾವುದೆಂದು ಎಲ್ಲರಿಗೂ ಗೊತ್ತು: ಹಾನಗಲ್, ಹಿರೇಕೆರೂರು, ಶಿರಹಟ್ಟಿ, ಲಕ್ಷ್ಮೇಶ್ವರ, ಗಜೇಂದ್ರಗಡ, ನವಲಗುಂದ, ಎಲ್ಲವೂ ಕೊನೆಗೆ ಮುಟ್ಟುವುದು ಹುಬ್ಬಳ್ಳಿ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾಗಿ, ಈಗ ಕೆಎಂಸಿಆರ್‌ಐ ಎಂದು ಹೆಸರು ಬದಲಿಸಿಕೊಂಡರೂ ಜನರ ಬಾಯಲ್ಲಿ ಕಿಮ್ಸ್ ಆಗಿಯೇ ಉಳಿದಿರುವ ಆಸ್ಪತ್ರೆಗೆ. ಗದಗದಲ್ಲಿ 2015ರಲ್ಲಿ, ಅದಾಗಿ ಹಲವು ವರ್ಷಕ್ಕೆ ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿವೆ. ಹಾಗಂತ ಹುಬ್ಬಳ್ಳಿಯ ಗೇಟಿನ ಮುಂದೆ ಆಂಬುಲೆನ್ಸ್ ನಿಲ್ಲುವುದು ತಪ್ಪಿಲ್ಲ.

ಕಾಣದ ಫಸಲು

ಹೊಸ ಪದ್ಧತಿ ಹೇಗೆ ಹರಡುತ್ತದೆ ಎಂಬ ಶಾಸ್ತ್ರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಹೊಲದಲ್ಲಿ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ರೈತರು ಹೇಗೆ ಒಪ್ಪಿಕೊಂಡರೆಂದು ರಯಾನ್ ಮತ್ತು ಗ್ರಾಸ್ ಎಂಬಿಬ್ಬರು 1943ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ಬುನಾದಿ. ಬೀಜದ ಸುದ್ದಿ ಮುಟ್ಟಿಸಿದ್ದು ಕಂಪನಿಯ ಮಾರಾಟಗಾರರು, ಬಿತ್ತಲು ಮನಸ್ಸು ಮಾಡಿಸಿದ್ದು ನೆರೆಹೊರೆಯ ರೈತರು ಎಂದು ಅವರು ಕಂಡುಕೊಂಡರು. ಇದು ನಮಗೆ ಹೊಸದೇನಲ್ಲ. ಡಾ. ಬಿ.ಎಚ್. ಕಟರ್ಕಿ ಅವರು ಧಾರವಾಡದಲ್ಲಿ ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿ, ಆಮೇಲಿನ ಡಿಸಿಎಚ್-32 ಹೊಲದಿಂದ ಹೊಲಕ್ಕೆ ಹೋದದ್ದನ್ನು ನೋಡಿದ ಹಿರಿಯರು ಈ ಕಡೆ ಇನ್ನೂ ಇದ್ದಾರೆ. ಬದುವಿನ ಆಚೆ ಬಿಳಿ ಬಿಟ್ಟ ಹತ್ತಿ ಕಂಡಮೇಲೆ ಯಾರ ಉಪನ್ಯಾಸವೂ ಬೇಕಿರಲಿಲ್ಲ.

ಸುರಕ್ಷತೆಯ ಪದ್ಧತಿಗೆ ಈ ಭಾಗ್ಯ ಇಲ್ಲ, ಯಾಕೆಂದರೆ ಅದರ ಫಸಲು ಕಾಣುವುದಿಲ್ಲ. ಕೈ ತೊಳೆದದ್ದರಿಂದ ಬಾರದೇ ಹೋದ ಸೋಂಕನ್ನು ಯಾರೂ ನೋಡಿಲ್ಲ. ಮಾಪ್ ಎಣಿಸಿದ್ದರಿಂದ ಹೊಟ್ಟೆಯೊಳಗೆ ಉಳಿಯದೇ ಹೋದ ಮಾಪಿಗೆ ಯಾರೂ ಹಾರ ಹಾಕುವುದಿಲ್ಲ. ಕಷ್ಟ ಮಾತ್ರ ಇವತ್ತೇ, ಈ ಪಾಳಿಯಲ್ಲೇ, ಮೂವತ್ತು ಹಾಸಿಗೆಗೆ ಇಬ್ಬರೇ ಇರುವಾಗಲೇ ಬೀಳುತ್ತದೆ. ಹಾಗಾಗಿ ಫಸಲು ಕಾಣುವಂತೆ ಮಾಡುವುದು ಹರಡುವವರ ಮೊದಲ ಕೆಲಸ.

ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಆಗಿದ್ದು ಇದು. ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು, ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ನಳಿಕೆ ಹಾಕುವಾಗ ಐದು ಸರಳ ಕ್ರಮ ಪಾಲಿಸತೊಡಗಿದವು: ಕೈ ತೊಳೆಯುವುದು, ಮೈಪೂರ್ತಿ ಗೌನು-ಹೊದಿಕೆ ಬಳಸುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕದಿಂದ ಚರ್ಮ ಒರೆಸುವುದು, ತೊಡೆಯ ಜಾಗ ತಪ್ಪಿಸುವುದು, ಬೇಡವಾದ ಲೈನನ್ನು ತೆಗೆದುಬಿಡುವುದು. ಪ್ರತಿ ಐಸಿಯುಗೂ ತನ್ನ ಸೋಂಕಿನ ಲೆಕ್ಕ ನಿಯಮಿತವಾಗಿ ಮರಳಿ ಸಿಗುತ್ತಿತ್ತು. ವೈದ್ಯ ಕ್ರಮ ತಪ್ಪಿದರೆ ತಡೆಯುವ ಅಧಿಕಾರ ನರ್ಸ್‌ಗಿತ್ತು. ಮೂರು ತಿಂಗಳಲ್ಲಿ ಸೋಂಕಿನ ಮಧ್ಯಾಂಕ ಪ್ರಮಾಣ 1,000 ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) 2.7 ಇದ್ದದ್ದು ಸೊನ್ನೆಗೆ ಬಂತು. 2006ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತು ಹೊತ್ತುಕೊಂಡು ಹೋದದ್ದು ಐದು ಕ್ರಮಗಳ ಪಟ್ಟಿಯನ್ನು. ಅಷ್ಟೇ ತೂಕದ ಇನ್ನೊಂದು ವಿವರವನ್ನು ಬಹಳ ಜನ ಬಿಟ್ಟುಬಿಟ್ಟರು: ಬಹುಪಾಲು ಐಸಿಯುಗಳ ಕಿಟ್ಟಿನಲ್ಲಿ ಕ್ಲೋರ್‌ಹೆಕ್ಸಿಡಿನ್ನೇ ಇರಲಿಲ್ಲ, ಯೋಜನೆಯ ತಂಡ ಬೆನ್ನುಹತ್ತಿ ಆಸ್ಪತ್ರೆಯ ಆಡಳಿತದವರಿಂದ ಅದನ್ನು ತರಿಸಿತು. ನಮ್ಮ ಕಡೆ ಇದನ್ನು ಇಂಡೆಂಟ್ ಎನ್ನುತ್ತಾರೆ. ಇಂಡೆಂಟ್ ಹಾಕಿ ತಿಂಗಳುಗಟ್ಟಲೆ ಹ್ಯಾಂಡ್‌ರಬ್ ಬಾರದ ವಾರ್ಡಿನಲ್ಲಿ ಕೈ ಶುಚಿತ್ವದ ತರಬೇತಿ ಕೊಡುವುದಕ್ಕಿಂತ ದೊಡ್ಡ ಅಣಕ ಇನ್ನೊಂದಿಲ್ಲ.

ಅಂಕ, ಪ್ರಮಾಣಪತ್ರ, ವರ್ಗಾವಣೆ

ಇಲ್ಲಿ ನಡೆಯುತ್ತಿರುವುದೇನು? ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡ 2013ರಿಂದ ಇದೆ. ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕೆ ಕಾಯಕಲ್ಪ 2015ರಲ್ಲಿ ಬಂತು, ಲೇಬರ್ ರೂಮು ಮತ್ತು ಹೆರಿಗೆ ಓಟಿಗೆ ಲಕ್ಷ್ಯ 2017ರ ಡಿಸೆಂಬರಿನಲ್ಲಿ. ಇವುಗಳಿಂದ ಆದ ಒಳಿತನ್ನು ಅಲ್ಲಗಳೆಯಬಾರದು. ಲೇಬರ್ ರೂಮುಗಳಿಗೆ ಪರದೆ, ಶಿಶುವನ್ನು ಬೆಚ್ಚಗಿಡುವ ವಾರ್ಮರ್, ಬಣ್ಣ ಬಣ್ಣದ ತ್ಯಾಜ್ಯದ ಬಕೆಟ್ಟು, ಗೋಡೆಯ ಮೇಲೆ ಚಿಕಿತ್ಸಾ ಕ್ರಮದ ಪೋಸ್ಟರು ಬಂದದ್ದರಲ್ಲಿ ಇವುಗಳ ಪಾಲು ದೊಡ್ಡದು.

ತೊಂದರೆ ಇವು ಪರೀಕ್ಷೆಯ ರೂಪದಲ್ಲಿರುವುದು. ಮೌಲ್ಯಮಾಪಕರು ಬರುವ ದಿನಾಂಕ ಗೊತ್ತಾಗುತ್ತದೆ, ತಯಾರಿ ನಡೆಯುತ್ತದೆ, ಅಂಕ ಬೀಳುತ್ತವೆ, ಪ್ರಮಾಣಪತ್ರ ಬರುತ್ತದೆ. ಪರೀಕ್ಷೆ ಮುಗಿದ ಮರುದಿನ ಪುಸ್ತಕ ಮುಚ್ಚುವುದು ವಿದ್ಯಾರ್ಥಿಗಳ ಗುಣ ಮಾತ್ರ ಏನಲ್ಲ. ನೂರಾರು ಅಂಶಗಳಿಗೆ ದಾಖಲೆ ತೋರಿಸಬೇಕಾದಾಗ ದಾಖಲೆ ಬರೆಯುವುದೇ ಪ್ರತ್ಯೇಕ ಕೆಲಸವಾಗುತ್ತದೆ. ಆ ಕೆಲಸ ಪಾಳಿಯ ಕೊನೆಗೆ, ಇನ್‌ಚಾರ್ಜ್ ಸಿಸ್ಟರ್ ಕುರ್ಚಿಯಲ್ಲಿ ಕೂತು ಒಂದೇ ಪೆನ್ನಿನಲ್ಲಿ ಇಡೀ ದಿನದ ಕಾಲಂ ತುಂಬುವಲ್ಲಿ ಮುಗಿಯುತ್ತದೆ. ಹೊಸ ಯೋಜನೆ ಬಂದಾಗ ಹೊಸ ರಿಜಿಸ್ಟರ್ ಬರುತ್ತದೆ, ಹಳೆಯದು ಹೋಗುವುದಿಲ್ಲ. ನನ್ನ ಮಟ್ಟಿಗೆ, ಸುರಕ್ಷತೆ ಹರಡಬೇಕೆನ್ನುವ ಯಾವ ಆದೇಶವೂ ಯಾವ ಎರಡು ರಿಜಿಸ್ಟರನ್ನು ನಿಲ್ಲಿಸುತ್ತಿದ್ದೇವೆ ಎಂದು ಮೊದಲ ಪ್ಯಾರಾದಲ್ಲೇ ಹೇಳಬೇಕು.

ಎರಡನೆಯ ಸೋರಿಕೆ ಸಿಬ್ಬಂದಿಯದು. ಪದ್ಧತಿ ಇರುವುದು ಮನುಷ್ಯರಲ್ಲಿ, ಮನುಷ್ಯರು ಒಂದೇ ಕಡೆ ಇರುವುದಿಲ್ಲ. ಹೌಸ್ ಸರ್ಜನ್ನರು ಕೆಲವೇ ವಾರಕ್ಕೊಮ್ಮೆ ವಿಭಾಗ ಬದಲಿಸುತ್ತಾರೆ. ಗುತ್ತಿಗೆ ನರ್ಸ್‌ಗಳು ಕಾಯಂ ಹುದ್ದೆ ಸಿಕ್ಕ ಕೂಡಲೇ ಹೊರಡುತ್ತಾರೆ, ತಪ್ಪೇನೂ ಇಲ್ಲ. ವೈದ್ಯಾಧಿಕಾರಿಗೆ ವರ್ಗಾವಣೆ. ಕಾಳಜಿಯಿಂದ ಲೇಬರ್ ರೂಮು ಕಟ್ಟಿದ ಒಬ್ಬ ಇನ್‌ಚಾರ್ಜ್ ಸಿಸ್ಟರ್ ನಿವೃತ್ತಿಯಾದರೆ ಹತ್ತು ವರ್ಷದ ರೂಢಿ ಆರು ತಿಂಗಳಲ್ಲಿ ಕರಗಬಹುದು.

ಆದರೆ ಇದೇ ಓಡಾಟವನ್ನು ಹರಡುವ ಸಾಧನವಾಗಿಯೂ ನೋಡಬಹುದು, ಅದನ್ನು ಯಾರೂ ಮಾಡುತ್ತಿಲ್ಲ ಎಂಬುದು ನನ್ನ ದೂರು. 2020ರ ನಿಯಮದ ಪ್ರಕಾರ ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಹುಬ್ಬಳ್ಳಿಯ ಪಿಜಿ ಹೀಗೆ ಹೊರಗೆ ಹೋದಾಗ ಓಪಿಡಿಯ ಸಾಲು ಕರಗಿಸುವ ಕೈಯಾಗಿ ಮಾತ್ರ ಬಳಕೆಯಾಗಬೇಕೇ? ಹೋಗುವಾಗ ಒಂದು ಪದ್ಧತಿ ತೆಗೆದುಕೊಂಡು ಹೋಗಿ, ಬರುವಾಗ ಆ ಕಡೆಯವರ ಒಂದು ದೂರು ತೆಗೆದುಕೊಂಡು ಬರುವ ಜವಾಬ್ದಾರಿ ಕೊಡಬಹುದು. ರೋಗಿಯನ್ನು ಕಳಿಸುವವರಿಗೂ ಪಡೆಯುವವರಿಗೂ ಮುಖಪರಿಚಯವೇ ಇಲ್ಲದಿರುವುದು ಚೀಟಿ ಅಪೂರ್ಣವಾಗುವುದಕ್ಕೆ ಒಂದು ಮುಖ್ಯ ಕಾರಣ. ಯಾರೂ ಓದದ ಪತ್ರವನ್ನು ಯಾರು ಮುತುವರ್ಜಿಯಿಂದ ಬರೆಯುತ್ತಾರೆ?

ಯಾರು ಮಾಡಿದರು ಎಂಬ ಮೊದಲ ಪ್ರಶ್ನೆ

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ನೆನಪಿರಬಹುದು. ಸಂಶಯದ ಬೆರಳು ರಿಂಗರ್ಸ್ ಲ್ಯಾಕ್ಟೇಟ್ ಎಂಬ ಸಲೈನಿನ ಗುಣಮಟ್ಟದತ್ತ ತಿರುಗಿತು, ರಾಜ್ಯ ಸರ್ಕಾರ ಆ ಪೂರೈಕೆಯ ಬಳಕೆ ನಿಲ್ಲಿಸಿತು. ಇದರ ರಾಜಕೀಯ ಇಲ್ಲಿ ಬೇಡ. ನೆರೆಯ ಜಿಲ್ಲೆಗಳವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಒಂದು ವಾರ್ಡಿನಲ್ಲಿ ಸಲೈನ್ ಹಚ್ಚಿದ ಮೇಲೆ ಇಬ್ಬರಿಗೆ ಚಳಿ-ನಡುಕ ಬಂದರೆ ಅದನ್ನು ಗಮನಿಸಿದ ಸಿಸ್ಟರ್ ಯಾರಿಗೆ ಹೇಳುತ್ತಾಳೆ, ಎಷ್ಟು ಗಂಟೆಯಲ್ಲಿ ಆ ಬ್ಯಾಚಿನ ಬಾಟಲಿಗಳು ಗದಗ, ಹಾವೇರಿ, ಧಾರವಾಡ ಮೂರೂ ಜಿಲ್ಲೆಗಳ ಕಪಾಟಿನಿಂದ ಕೆಳಗಿಳಿಯುತ್ತವೆ?

ಹೇಳುವ ದಾರಿ ಕಾಗದದ ಮೇಲೆ ಇದೆ. ಔಷಧಗಳ ದುಷ್ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ, 1800-180-3024 ಸಂಖ್ಯೆಗೆ ಯಾರು ಬೇಕಾದರೂ, ರೋಗಿಯ ಮನೆಯವರೂ ಫೋನ್ ಮಾಡಬಹುದು. ಆದರೆ ಸಿಸ್ಟರ್‌ಗೆ ಇರುವ ಭಯ ಬೇರೆ. ಬರೆದುಕೊಟ್ಟರೆ ನೋಟಿಸು ತನಗೇ ಬರುತ್ತದೆ ಎಂಬುದು. ಅನಾಹುತವಾದ ಕೂಡಲೇ ಅಮಾನತು ಮಾಡುವುದು ನಮ್ಮಲ್ಲಿ ಸರ್ಕಾರ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯಾಗಿಬಿಟ್ಟಿದೆ. ಮನೆಯವರ ಸಿಟ್ಟು ಅರ್ಥವಾಗುವಂಥದ್ದು, ಅವರಿಗೆ ನಿಜ ಹೇಳುವವರು ಯಾರೂ ಇಲ್ಲದಾಗ ಸಿಟ್ಟಲ್ಲದೆ ಇನ್ನೇನು ಉಳಿಯುತ್ತದೆ. ವೈದ್ಯರ ಕಡೆಯಿಂದ ನೋಡಿದರೆ, 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬಂತು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಅದೇ ಕೋರ್ಟು, ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯವೇ ಇರಬೇಕು ಎಂದಿತು. ಈ ಎರಡರ ನಡುವೆ, ಸ್ವಲ್ಪದರಲ್ಲಿ ತಪ್ಪಿಹೋದ ಅನಾಹುತವನ್ನು ಹೇಳಿಕೊಂಡವರಿಗೆ ರಕ್ಷಣೆ ಕೊಡುವ ಮಾತು ಯಾರ ಬಾಯಿಂದಲೂ ಬರಲಿಲ್ಲ.

ತಾಯಿ ಮರಣದ ಪರಿಶೀಲನೆಗೆ ಮಾತ್ರ ನಮ್ಮಲ್ಲಿ ಇಂಥ ಒಂದು ನಿಯಮ ಇದೆ, ಹೆಸರು ಬೇಡ, ದೂರುವುದು ಬೇಡ ಎಂದು. ಜಿಲ್ಲೆಯಲ್ಲಿ ಆದ ಪ್ರತಿ ಬಾಣಂತಿ ಸಾವನ್ನು ಸಮಿತಿ ನೋಡಬೇಕು, ಕೆಲವನ್ನು ಜಿಲ್ಲಾಧಿಕಾರಿಯೇ ಮನೆಯವರನ್ನು ಕರೆದು ಕೇಳಬೇಕು. ಇದರ ಚೌಕಟ್ಟು ಚೆನ್ನಾಗಿದೆ. ಸತ್ತವರನ್ನು ಮಾತ್ರ ಅಲ್ಲದೆ ಸಾವಿನ ಅಂಚಿಗೆ ಹೋಗಿ ಉಳಿದವರ ಪ್ರಕರಣಗಳನ್ನೂ ಇಲ್ಲಿಗೆ ತಂದರೆ, ಹೇಳಲು ಬದುಕಿರುವವರೇ ಇರುತ್ತಾರೆ, ಕಲಿಯಲು ಹೆಚ್ಚು ಸಿಗುತ್ತದೆ, ಹೆದರಿಕೆಯೂ ಕಡಿಮೆ.

ಗದಗದ ಗಡಿಯವರೆಗೆ ಬಂದ ನರ್ಸ್‌ಗಳು

ಸುಮಾರು ಒಂದು ದಶಕದ ಹಿಂದೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ 'ಸುಕ್ಷೇಮ' ಎಂಬ ಯೋಜನೆ ನಡೆಯಿತು. ಅನುಭವಿ ನರ್ಸ್‌ಗಳಿಗೆ ತರಬೇತಿ ಕೊಟ್ಟು ಅವರನ್ನು ಮಾರ್ಗದರ್ಶಕರನ್ನಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಲಾಗುತ್ತಿತ್ತು. ಅವರು ಇನ್‌ಸ್ಪೆಕ್ಷನ್ನಿಗೆ ಬಂದವರಲ್ಲ. ಜೊತೆಗೆ ನಿಂತು ಹೆರಿಗೆ ನೋಡುವುದು, ಕೇಸ್ ಶೀಟ್ ಒಟ್ಟಿಗೆ ಓದುವುದು, ಇಲ್ಲದ ಔಷಧಕ್ಕೆ ಮೇಲಿನವರ ಬೆನ್ನುಹತ್ತುವುದು ಅವರ ಕೆಲಸ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಕೇಂದ್ರಗಳನ್ನು ಎರಡು ಪಾಲು ಮಾಡಿ ಹೋಲಿಸಿದಾಗ, ಮಾರ್ಗದರ್ಶಿ ನರ್ಸ್ ಹೋದ 54 ಕೇಂದ್ರಗಳಲ್ಲಿ ತೊಡಕಿನ ಹೆರಿಗೆಗೆ ಬೇಕಾದ ತಿಳಿವಳಿಕೆ ಮತ್ತು ಸಿದ್ಧತೆ ಉತ್ತಮವಾಗಿದ್ದದ್ದು ಕಂಡಿತು. ಎಂಟು ಜಿಲ್ಲೆಗಳಲ್ಲಿ ಕೊಪ್ಪಳ, ಬಾಗಲಕೋಟೆ ಸೇರಿದ್ದವು. ಗದಗ, ಹಾವೇರಿ, ಧಾರವಾಡ ಇರಲಿಲ್ಲ. ಹೊರಗಿನ ದೇಣಿಗೆಯಿಂದ ನಡೆದ ಯೋಜನೆ ಅವಧಿ ಮುಗಿದಾಗ ಮುಗಿಯಿತು.

ಮೂರು ಜಿಲ್ಲೆಗಳ ಮಟ್ಟಿಗೆ ಇದನ್ನು ಮತ್ತೆ ಹುಟ್ಟಿಸಲು ಹೊಸ ಕಟ್ಟಡ ಬೇಕಿಲ್ಲ. ತಾಲ್ಲೂಕಿಗೊಬ್ಬ ಮಾರ್ಗದರ್ಶಿ ನರ್ಸ್, ಓಡಾಡಲು ಒಂದು ವಾಹನ, ರಿಜಿಸ್ಟರ್ ತುಂಬುವುದರಿಂದ ಬಿಡುಗಡೆ. ಅವಳ ಹುದ್ದೆ ಯೋಜನೆಯದ್ದಾಗಿರದೆ ಕಾಯಂ ಆಗಿರಬೇಕು. ಉತ್ತರ ಪ್ರದೇಶದ ಅಂಕಿಗಳು ಎಚ್ಚರಿಸುವುದು ಅದನ್ನೇ. ಮೊದಲ ವರ್ಷ ಮೂರ್ನಾಲ್ಕು ಪದ್ಧತಿ ಸಾಕು. ಯಾವುವು ಎಂಬುದನ್ನು ಬೆಂಗಳೂರಿನವರು ಹೇಳುವುದಕ್ಕಿಂತ ಆ ತಾಲ್ಲೂಕಿನ ಸಿಸ್ಟರ್‌ಗಳು ಆರಿಸಿಕೊಳ್ಳಲಿ. ಹಿರೇಕೆರೂರಿನಲ್ಲಿ ರಕ್ತಸ್ರಾವವೇ ದೊಡ್ಡ ಚಿಂತೆಯಾಗಿರಬಹುದು, ಹುಬ್ಬಳ್ಳಿಯಲ್ಲಿ ಆಪರೇಷನ್ ಗಾಯದ ಸೋಂಕು.

ಇದಕ್ಕಿಂತ ಅಗ್ಗದ ಕೆಲಸ ಮರುಸುದ್ದಿ. ಹುಬ್ಬಳ್ಳಿಗೆ ಕಳಿಸಿದ ರೋಗಿಗೆ ಏನಾಯಿತೆಂದು ಕಳಿಸಿದ ಕೇಂದ್ರಕ್ಕೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಆಶಾ ಕಾರ್ಯಕರ್ತೆ ಊರಿಗೆ ಹೋಗಿ ತಿಳಿದುಬಂದರೆ ಉಂಟು. ವಾರಕ್ಕೊಮ್ಮೆ ದೊಡ್ಡ ಆಸ್ಪತ್ರೆಯ ಒಬ್ಬರು ಫೋನ್ ಹಚ್ಚಿ, "ಅಕ್ಕಾರ, ನೀವು ಕಳಿಸಿದಾಕಿ ಆರಾಮ ಆಗ್ಯಾಳ್ರಿ, ಮಗು ಚಲೋ ಐತಿ. ಚೀಟಿಯೊಳಗ ಟೈಮ್ ಒಂದು ಬರೀರಿ" ಎಂದರೆ, ಆ ಒಂದು ವಾಕ್ಯ ಹತ್ತು ಸುತ್ತೋಲೆಗಿಂತ ಬೇಗ ಚೀಟಿಯನ್ನು ತಿದ್ದುತ್ತದೆ. ಮಾಡಿದ್ದರ ಫಲ ಕಣ್ಣಿಗೆ ಬೀಳುವುದೂ ಇಲ್ಲೇ.

ಉಳಿದದ್ದು ಖಾಸಗಿಯವರದು. ಹುಬ್ಬಳ್ಳಿ-ಧಾರವಾಡದ ನರ್ಸಿಂಗ್ ಹೋಮುಗಳನ್ನು ಬಿಟ್ಟು ಈ ಸೀಮೆಯ ಆರೋಗ್ಯ ವ್ಯವಸ್ಥೆ ಎಂದರೆ ಅರ್ಧ ಮಾತಷ್ಟೇ. ದೊಡ್ಡ ಖಾಸಗಿ ಆಸ್ಪತ್ರೆಗಳಿಗೆ ಮಾನ್ಯತೆಯ ಪ್ರಮಾಣಪತ್ರದ ಆಸೆಯಾದರೂ ಇರುತ್ತದೆ. ಹತ್ತು-ಹದಿನೈದು ಹಾಸಿಗೆಯ, ಗಂಡ-ಹೆಂಡತಿ ಇಬ್ಬರೇ ವೈದ್ಯರಿರುವ, ತರಬೇತಿಯಾಗದ ಹುಡುಗಿಯರು ಸಲೈನ್ ಹಚ್ಚುವ ಜಾಗಗಳಿಗೆ ಯಾವ ಪದ್ಧತಿ ಯಾರ ಮೂಲಕ ಹೋಗಬೇಕು? 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಇವೆಲ್ಲ ನೋಂದಣಿಯಾಗಲೇಬೇಕು. ಆ ನೋಂದಣಿ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ತಾಯಿ ಮರಣದ ಕಡತ ಹೋಗುವುದೂ ಅವರ ಮೇಜಿಗೇ. ಖಾಸಗಿ ಆಸ್ಪತ್ರೆಯಿಂದ ಕೊನೆಗಳಿಗೆಯಲ್ಲಿ ಸರ್ಕಾರಿ ಆಸ್ಪತ್ರೆಗೆ ಸಾಗಿಸಲಾದ ಪ್ರಕರಣ ಯಾವುದು, ಅದರ ಚೀಟಿಯಲ್ಲಿ ಏನಿತ್ತು ಎಂದು ನೋಡಲು ಎರಡು ಕಡತವನ್ನು ಪಕ್ಕಪಕ್ಕ ಇಟ್ಟರೆ ಸಾಕು. ನೋಂದಣಿ ನವೀಕರಣಕ್ಕೆ ಬಂದ ವೈದ್ಯರನ್ನು ಪರಿಶೀಲನಾ ಸಭೆಗೆ, ಹೆಸರು ಬೇಡ ಎಂಬ ಅದೇ ನಿಯಮದಡಿ, ವರ್ಷಕ್ಕೊಮ್ಮೆ ಕರೆಯಲು ಹೊಸ ಕಾನೂನಾಗಲಿ, ಹೊಸ ಅನುದಾನವಾಗಲಿ ಬೇಕಿಲ್ಲ.